ಟರ್ಬೊ ತಣ್ಣಗಾಗುವವರೆಗೆ

ಭಯಪಡುವುದಕ್ಕೆ ಏನಾದರೊಂದು ಇಲ್ಲದೆ ಹೋದರೆ ನಮ್ಮ ಕನ್ನಡಕದವರಿಗೆ ಊಟ ಸೇರುತ್ತಿರಲಿಲ್ಲ. ಕನ್ನಡಕದ ಅಂಗಡಿಗೆ ಬೀಗ ಹಾಕಿ, ಬೀಗ ಜಗ್ಗಿ ನೋಡಿ, ರಸ್ತೆಯ ತಿರುವಿನವರೆಗೆ ಹೋಗಿ, ವಾಪಸು ಬಂದು ಮತ್ತೆ ಜಗ್ಗುವ ಪೈಕಿ ಅವರು. ಮನೆಯಲ್ಲಿ "ಗ್ಯಾಸ್ ಆರಿಸಿದ್ಯೇನೇ?" ಎಂದು ಹೆಂಡತಿಯನ್ನು ಕೇಳುವರು. ಆಕೆ ಹೂಂ ಅಂದರೂ ಎದ್ದು ಹೋಗಿ ತಾವೇ ನೋಡುವರು. ಬಂದು ಮಲಗಿದ ಮೇಲೆ, ನೋಡುವಾಗ ತಮ್ಮ ಕೈ ತಗುಲಿಯೇ ಗುಂಡಿ ತಿರುಗಿಬಿಟ್ಟಿತೋ ಏನೋ ಎಂದು ಮತ್ತೆ ಏಳುವರು. ಇಂಥ ಪುಣ್ಯಾತ್ಮರು ಹೋಗಿ ಹೋಗಿ ಒಂದು ಹಳೇ ಟರ್ಬೊ ಕಾರು ಕೊಂಡರು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಅಂದರೆ ಇದೇ.

ಹಾಗಂತ ಅವರು ಸುಮ್ಮಸುಮ್ಮನೆ ಕೊಳ್ಳಲಿಲ್ಲ. ಮಗಳು ತುಂಬು ಬಸುರಿ. ಅಳಿಯ ಹಡಗಿನಲ್ಲಿ ಅಡುಗೆಯವನು. ಸಮುದ್ರದ ಮೇಲೆ ಎಲ್ಲೋ ಈರುಳ್ಳಿ ಹೆಚ್ಚುತ್ತಿದ್ದ. ಹೆರಿಗೆಯ ಹೊತ್ತಿಗೆ ಅವನು ಬರುವ ಸಂಭವ ಇರಲಿಲ್ಲ. ಹೀಗಿರುವಾಗ ಒಂದು ಭಾನುವಾರ ಕನ್ನಡಕದವರ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ, ತಮ್ಮ ಹೊಚ್ಚಹೊಸ ಬಿಳೀ ಕಾರಿನಲ್ಲಿ ಬಂದಿಳಿದರು. ಟೈಲ್ಸ್ ವ್ಯಾಪಾರದ ಮನುಷ್ಯ. ಎಲ್ಲಿ ಹೋದರೂ ಮೊದಲು ನೆಲ ನೋಡಿ ಆಮೇಲೆ ಮುಖ ನೋಡುವವರು. ಕಾಫಿ ಕುಡಿಯುತ್ತಾ ಅಂದರು:

"ಹೆರಿಗೆ ದಿನ ನನ್ನ ಕಾರು ಕಳಿಸ್ತೀನಿ, ಚಿಂತೆ ಬಿಡಿ. ನಿಮ್ಮ ಸ್ಕೂಟರಲ್ಲಿ ಹೋದ್ರೆ ಮಗು ದಾರೀಲೇ ಇಳ್ಕೊಂಡು, ನಾನು ನಡ್ಕೊಂಡೇ ಬರ್ತೀನಿ ತಾತ ಅನ್ನುತ್ತೆ!"

ಮನೆಯವರೆಲ್ಲ ನಕ್ಕರು. ಮಗಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕನ್ನಡಕದವರೂ ನಕ್ಕರು, ಆದರೆ ಆ ನಗು ಗಂಟಲಿನಿಂದ ಕೆಳಗಿಳಿಯಲಿಲ್ಲ. ಮರುವಾರವೇ ಹಳೇ ಕಾರು ಮಾರುವವನ ಮುಂದೆ ಹೋಗಿ ನಿಂತರು.

ಅಲ್ಲಿ ಅವರು ಕಾರನ್ನು ಪರೀಕ್ಷೆ ಮಾಡಿದ ರೀತಿಯನ್ನು ಹೇಳಲೇಬೇಕು. ಮುಂದಿನ ಗಾಜಿಗೆ ಬಾಯಿಂದ ಹಬೆ ಊದಿ, ಜೇಬಿನ ಮೆತ್ತನೆಯ ಬಟ್ಟೆಯಿಂದ ಒರೆಸಿ, ಬಗ್ಗಿ ಬೆಳಕಿಗೆ ಹಿಡಿದಂತೆ ನೋಡಿದರು. ಹಿಂದಿನ ಗಾಜಿಗೂ ಅದನ್ನೇ ಮಾಡಿದರು. ಒಂದು ಗೀರಿಲ್ಲ, ಒಂದು ಗುಳ್ಳೆಯಿಲ್ಲ. ಡಿಕ್ಕಿಯ ಮೇಲೆ ಬೆಳ್ಳಿ ಅಕ್ಷರದಲ್ಲಿ ಟರ್ಬೊ ಎಂದು ಬೇರೆ ಹೊಳೆಯುತ್ತಿತ್ತು. ಗಾಜು ಇಷ್ಟು ಚೆನ್ನಾಗಿದ್ದ ಮೇಲೆ ಉಳಿದದ್ದೂ ಚೆನ್ನಾಗಿಯೇ ಇರುತ್ತದೆ ಎಂದು ತೀರ್ಮಾನಿಸಿ ಮನೆಗೆ ತಂದರು.

"ಟರ್ಬೊ ಅಂದ್ರೇನ್ರೀ?" ಹೆಂಡತಿ ಕೇಳಿದರು.

"ಅದು ಒಳಗಡೆ ಇರುತ್ತೆ ಕಣೇ."

"ಒಳಗಡೆ ಏನ್ಮಾಡುತ್ತೆ?"

"ಅದರ ಪಾಡಿಗೆ ಅದು ಇರುತ್ತೆ. ನಿಂಗ್ಯಾಕೆ?"

ಷಡ್ಡಕರು ಬಂದು ನೋಡಿದರು. ಬೆಳ್ಳಿ ಅಕ್ಷರ ಕಂಡು ಅವರ ಮುಖ ಒಂದು ಕ್ಷಣ ಕಳೆಗುಂದಿದ್ದು ನಿಜ. ಆದರೆ ವ್ಯಾಪಾರಸ್ಥರು ಅಷ್ಟಕ್ಕೆಲ್ಲ ಸೋಲುತ್ತಾರೆಯೇ?

"ಹಳೇ ಟರ್ಬೊನಾ? ಹುಷಾರು ಕಣ್ರೀ. ನನ್ನ ಪರಿಚಯದವರೊಬ್ಬರದು ನಡುರಸ್ತೇಲಿ ಕೆಟ್ಟು ಹೋಯ್ತು. ಹೊಸದು ಹಾಕಿಸೋ ಖರ್ಚಿಗೆ ಕಾರನ್ನೇ ಅಲ್ಲಿ ಬಿಟ್ಟು ಬಸ್ಸಲ್ಲಿ ಮನೆಗೆ ಬಂದ್ರು."

ಅಲ್ಲಿಗೆ ಬೀಜ ಬಿತ್ತು. ಕನ್ನಡಕದವರ ಎದೆಯಂಥ ಫಲವತ್ತಾದ ನೆಲ ಭಯಕ್ಕೆ ಬೇರೆಲ್ಲಿ ಸಿಗಬೇಕು?

ಮಾರನೆಯ ಬೆಳಿಗ್ಗೆ ದೊಡ್ಡ ರಸ್ತೆಗೆ ಬಂದು ಕಾರು ಸ್ವಲ್ಪ ಓಟ ಹಿಡಿಯುತ್ತಿದ್ದ ಹಾಗೆ ಎಲ್ಲಿಂದಲೋ "ಸುಂಯ್" ಎಂದು ಸಣ್ಣ ಶಿಳ್ಳೆ ಕೇಳಿತು. ನಿಧಾನ ಮಾಡಿದರೆ ನಿಂತಿತು. ಮತ್ತೆ ಓಡಿಸಿದರೆ ಮತ್ತೆ ಬಂತು. ಕನ್ನಡಕದವರು ಅಂಗಡಿಗೆ ಹೋಗುವುದನ್ನು ಬಿಟ್ಟು ನೇರ ಕಿವಿ ಡಾಕ್ಟರ ಶೆಡ್ಡಿಗೆ ಓಡಿಸಿದರು.

ಕಿವಿ ಡಾಕ್ಟರು ಅಂದರೆ ನಿಜವಾದ ಡಾಕ್ಟರಲ್ಲ, ಮೆಕ್ಯಾನಿಕ್ಕು. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾರೆ ಎಂದು ಆ ಹೆಸರು ಬಂದಿತ್ತು. ಬೇರೆಯವರು ಬಗ್ಗಿ ಬಗ್ಗಿ ನೋಡುವುದನ್ನು ಕಂಡರೆ ಅವರಿಗೆ ನಗು. "ನೋಡೋದೇನಿದೆ ಸಾರ್? ಎಂಜಿನ್ನು ಮಾತಾಡುತ್ತೆ, ಕೇಳೋಕೆ ಬರಬೇಕು" ಎನ್ನುವರು. ಹಿಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿಕೊಂಡು ಒಂದು ಸುತ್ತು ಹೋಗಿಬಂದರು. ಕೆಳಗಿಳಿದು ನಿಟ್ಟುಸಿರು ಬಿಟ್ಟರು. ಬಾನೆಟ್ ಎತ್ತಿ ಆಯಿಲ್ ಅಳೆಯುವ ಕಡ್ಡಿ ಎಳೆದರು. ಅದನ್ನು ಮಾರುದ್ದ ದೂರ ಹಿಡಿದು, ತಲೆ ಹಿಂದಕ್ಕೆ ವಾಲಿಸಿ, ಹೆಬ್ಬೆರಳಿಂದ ಸವರಿ, ಮೂಸಿದರು. ಕನ್ನಡಕದವರು ಆ ಗಾಂಭೀರ್ಯವನ್ನು ಬೆರಗಾಗಿ ನೋಡುತ್ತಾ ನಿಂತರು.

"ಶಿಳ್ಳೆ ಟರ್ಬೊದ್ದೇ ಸಾರ್. ವಯಸ್ಸಾಗಿದೆ. ಆಯಿಲ್ ಕುಡೀತಿದೆ. ಇನ್ನೊಂದು ಡಬ್ಬ ಹಾಕಿಬಿಡೋಣ."

"ಎಲ್ಲಿದೆ ಅದು? ತೋರಿಸಿ."

"ಎಂಜಿನ್ ಹಿಂದ್ಗಡೆ, ಕೆಳಗೆ. ಎಂಜಿನ್ನಿಗೆ ಗಾಳಿ ಊದೋ ಚಕ್ರ ಅದು. ಕೆಂಡದ ಥರ ಕಾದಿರುತ್ತೆ, ಕೈ ಹಾಕೀರಿ ಜೋಕೆ! ನೋಡಿ, ಇದನ್ನ ವಯಸ್ಸಾದವರ ಥರ ನೋಡ್ಕೋಬೇಕು. ಸ್ಟಾರ್ಟ್ ಮಾಡಿದ ತಕ್ಷಣ ಹೊರಡಂಗಿಲ್ಲ, ಆಯಿಲ್ ಮೇಲೆ ಹತ್ತಬೇಕು. ನಿಂತ ತಕ್ಷಣ ಆಫ್ ಮಾಡಂಗಿಲ್ಲ, ತಣ್ಣಗಾಗಬೇಕು. ಕಾಯದೇ ಒಂದು ಸಲ ಆಫ್ ಮಾಡಿದ್ರೂ ಸಾಕು, ಹೋಯ್ತು."

"ಹೋದ್ರೆ ಗೊತ್ತಾಗೋದು ಹೇಗೆ?"

"ಶಿಳ್ಳೆ ನಿಲ್ಲುತ್ತೆ. ಅವತ್ತಿಗೆ ಅದರ ಕಥೆ ಮುಗೀತು ಅಂತ."

ಹೊಸ ಟರ್ಬೊಗೆ ಎಷ್ಟಾಗುತ್ತದೆ ಎಂದು ಕೇಳಿದರು. ಕಿವಿ ಡಾಕ್ಟರು ಅವರ ಕಿವಿಯಲ್ಲಿ ಹೇಳಿದರು. ಮೂಗಿಗಿಂತ ಮೂಗುತಿ ಭಾರ! ಮನೆಯಲ್ಲಿ ಈ ವಿಷಯದ ಬಗ್ಗೆ ತುಟಿ ಪಿಟಕ್ಕೆನ್ನಬಾರದು ಎಂದು ಕನ್ನಡಕದವರು ಅಲ್ಲಿಯೇ ನಿಶ್ಚಯಿಸಿದರು. ಹೆಂಡತಿಗೆ ಗೊತ್ತಾದರೆ ಅಕ್ಕನಿಗೆ ಗೊತ್ತಾಗುತ್ತದೆ, ಅಕ್ಕನಿಗೆ ಗೊತ್ತಾದರೆ ಷಡ್ಡಕರಿಗೆ ಗೊತ್ತಾಗುತ್ತದೆ, ಆಮೇಲೆ ಮುಖ ಎತ್ತಿಕೊಂಡು ತಿರುಗುವುದು ಹೇಗೆ?

ಕಾಯುವುದೇನೋ ಸರಿ, ಎಷ್ಟು ಹೊತ್ತು ಕಾಯಬೇಕು? ಗಡಿಯಾರದ ಮೇಲೆ ಅವರಿಗೆ ನಂಬಿಕೆಯಿಲ್ಲ, ನಿಂತುಹೋಗಿದ್ದರೆ? ಅವರು ನಂಬುತ್ತಿದ್ದದ್ದು ಜಗತ್ತಿನಲ್ಲಿ ಒಂದನ್ನೇ. ಅಂಗಡಿಯ ಗೋಡೆಯ ಮೇಲಿದ್ದ, ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆ. ಮೇಲೆ ಕುಂಬಳಕಾಯಿ ಗಾತ್ರದ "ರ", ಅದರ ಕೆಳಗೆ "ಗ, ಸ", ಅದರ ಕೆಳಗೆ "ಟ, ದ, ನ", ಹೀಗೆ ಸಾಲು ಸಾಲಿಗೂ ಸಣ್ಣದಾಗುತ್ತಾ, ಕಟ್ಟಕಡೆಯ ಸಾಲಿನಲ್ಲಿ ಅಕ್ಷರಗಳು ಸಾಸಿವೆಯಷ್ಟಾಗುತ್ತಿದ್ದವು. ಬಾಳೆಲ್ಲ ಅದನ್ನು ಓದಿಸಿಯೇ ಬದುಕಿದವರು. ರ ದಿಂದ ಶುರುಮಾಡಿ, ಒಂದೊಂದು ಅಕ್ಷರವನ್ನೂ ಗಿರಾಕಿಗೆ ತೋರಿಸುವಷ್ಟೇ ನಿಧಾನವಾಗಿ ಹೇಳಿ, ಕೊನೆಯ ಸಾಲು ಮುಗಿದರೆ ಆಯಿಲ್ ಹತ್ತಿದ ಹಾಗೆ. ಸಂಜೆ ಇನ್ನೊಮ್ಮೆ ಹೇಳಿ ಮುಗಿಸಿದರೆ ಟರ್ಬೊ ತಣ್ಣಗಾದ ಹಾಗೆ. ನಡುವೆ ಒಂದು ಅಕ್ಷರ ತಪ್ಪಿದರೆ ಮತ್ತೆ ರ ದಿಂದ.

ಹೀಗೆ ಕನ್ನಡಕದವರು ದಿನಾ ಸಂಜೆ ಮನೆಯ ಮುಂದೆ ಕಾರು ನಿಲ್ಲಿಸಿ, ಇಳಿಯದೆ, ಎಂಜಿನ್ ಆರಿಸದೆ, ಗಾಜು ಏರಿಸಿಕೊಂಡು, ನೆಟ್ಟಗೆ ಕೂತು ತುಟಿ ಆಡಿಸತೊಡಗಿದರು. ಎದುರುಮನೆಯ ನಿವೃತ್ತ ಹೆಡ್‌ಮೇಷ್ಟ್ರು ಇದನ್ನು ಕಿಟಕಿಯಿಂದ ನೋಡಿದರು. ಮರುದಿನ ಬಾಗಿಲಿಗೆ ಬಂದು ನೋಡಿದರು. ಮೂರನೆಯ ದಿನ ಕುರ್ಚಿ ಹಾಕಿಕೊಂಡು ನೋಡಿದರು. ಮನೆಗೆ ಬಂದ ಗಂಡಸು ಮನೆಯೊಳಗೆ ಹೋಗಲು ಹೆದರುತ್ತಿದ್ದಾನೆ, ಬಾಯಲ್ಲಿ ಏನೋ ಗೊಣಗಿಕೊಂಡು ಧೈರ್ಯ ತಂದುಕೊಳ್ಳುತ್ತಿದ್ದಾನೆ ಎಂದರೆ ಅರ್ಥವೇನು? ಹೆಂಡತಿಯ ಕಾಟ! ಮೇಷ್ಟ್ರು ಮರುಗಿ ತಮ್ಮ ಹೆಂಡತಿಗೆ ಹೇಳಿದರು. ಅವರು ತರಕಾರಿ ಅಂಗಡಿಯಲ್ಲಿ ಹೇಳಿದರು. ಮರುದಿನ ಸಂಜೆಯೊಳಗೆ ಬೀದಿಯೆಲ್ಲ ಕನ್ನಡಕದವರನ್ನು ಕಂಡು ಲೊಚಗುಟ್ಟತೊಡಗಿತು. ಹಾಲಿನವನು ಕೂಡ "ತಾಳ್ಮೆ ಇರಲಿ ಸಾರ್" ಎಂದು ಭುಜ ತಟ್ಟಿ ಹೋದ. ಕನ್ನಡಕದವರಿಗೆ ಒಂದೇ ಚಿಂತೆ: ಟರ್ಬೊ ವಿಷಯ ಇವನಿಗೆ ಹೇಳಿದವರು ಯಾರು?

ಭಾನುವಾರ ಷಡ್ಡಕರು ಹೆಂಡತಿಸಮೇತ ಪಂಚಾಯ್ತಿ ಮಾಡಲು ಬಂದೇಬಿಟ್ಟರು. ಸಾಕ್ಷಿಗೆ ಹೆಡ್‌ಮೇಷ್ಟ್ರು ಬಂದರು.

"ನೋಡಮ್ಮಾ," ಷಡ್ಡಕರು ನೆಲ ನೋಡುತ್ತಾ ಶುರುಮಾಡಿದರು, "ಗಂಡಸು ಹೊರಗೆ ದುಡಿದು ದಣಿದು ಬಂದಿರ್ತಾನೆ. ಬಾಗಿಲಲ್ಲಿ ಒಂದು ನಗುಮುಖ ಬೇಡ್ವಾ?"

"ಯಾರ ಮುಖದ ವಿಷ್ಯ ಭಾವ?" ಹೆಂಡತಿ ಕೇಳಿದರು.

"ದಿನಾ ಕಾರಲ್ಲಿ ಕೂತು ಒಳಗೆ ಬರೋಕೆ ಹೆದರ್ತಾರಂತಲ್ಲ. ಬೀದಿಗೆಲ್ಲ ಗೊತ್ತು."

ಆಕೆ ಗಂಡನ ಕಡೆ ತಿರುಗಿದರು. ಆ ನೋಟದಲ್ಲಿ ಹಾಲು ಇಟ್ಟಿದ್ದರೆ ಉಕ್ಕುತ್ತಿತ್ತು. "ಏನ್ರೀ? ನಾನು ನಿಮಗೆ ಊಟ ಹಾಕ್ತಿಲ್ವಾ? ಹೊಡೀತೀನಾ? ಬಾಯಿ ಬಿಡಿ! ನಾನೂ ನೋಡ್ತಾನೇ ಇದೀನಿ. ಏನೋ ಕಾಯಿಲೆ ಮುಚ್ಚಿಡ್ತಿದೀರೇನೋ ಅಂತ ರಾತ್ರಿಯೆಲ್ಲ ನಿದ್ದೆಯಿಲ್ಲ ನಂಗೆ."

ಕನ್ನಡಕದವರು ಇಕ್ಕಟ್ಟಿಗೆ ಸಿಕ್ಕಿದರು. ನಿಜ ಹೇಳಿದರೆ ಟರ್ಬೊ ಮಾನ ಹೋಗುತ್ತದೆ, ಹೇಳದಿದ್ದರೆ ಹೆಂಡತಿಯ ಮಾನ ಹೋಗುತ್ತದೆ. ಬಾಯಿಗೆ ಬಂದದ್ದು ಹೇಳಿಬಿಟ್ಟರು: "ಅಭ್ಯಾಸ! ಹೆರಿಗೆ ದಿನಕ್ಕೆ ಅಭ್ಯಾಸ ಮಾಡ್ಕೋತಿದೀನಿ."

"ನಿಂತ ಕಾರಲ್ಲಾ?" ಷಡ್ಡಕರು ನಕ್ಕರು. "ಅದ್ಯಾಕೆ ಇಷ್ಟು ಕಷ್ಟ? ನನ್ನ ಕಾರು ಇದೆಯಲ್ಲ."

"ಬೇಡ!" ಕನ್ನಡಕದವರು ಎದ್ದು ನಿಂತರು. ಜನ್ಮದಲ್ಲಿ ಅವರು ಅಷ್ಟು ಜೋರಾಗಿ ಮಾತಾಡಿರಲಿಲ್ಲ. "ನನ್ನ ಮಗಳು ನನ್ನ ಟರ್ಬೊದಲ್ಲೇ ಹೋಗ್ತಾಳೆ. ಇದು ಖಂಡಿತ."

ಹೇಳಿ ಕೂತ ಮೇಲೆ ಎಂಥ ಮಾತು ಆಡಿಬಿಟ್ಟೆ ಎಂದು ಅರಿವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈ ಮಾತಿಗೆ ಅತ್ಯಂತ ಸಂತೋಷಪಟ್ಟವರು ಹೆಡ್‌ಮೇಷ್ಟ್ರು. ಶಾಲೆಯಲ್ಲಿದ್ದಷ್ಟು ಕಾಲವೂ ನಾಟಕ ಆಡಿಸಿದವರು ಅವರು. "ಶಭಾಷ್! ಆದರೆ ಕೂತಲ್ಲೇ ಅಭ್ಯಾಸ ಮಾಡಿದರೆ ಸಾಲದು. ಆಸ್ಪತ್ರೆವರೆಗೂ ಪೂರಾ ಆಗಬೇಕು. ನಾಳೆ ಬೆಳಿಗ್ಗೆ. ಮಗಳ ಪಾತ್ರ ನಾನು ಮಾಡ್ತೀನಿ."

ಬೇಡ ಎನ್ನಲು ಕನ್ನಡಕದವರಿಗೆ ಬಾಯಿ ಎಲ್ಲಿತ್ತು? ಬೆಳಿಗ್ಗೆ ಮೇಷ್ಟ್ರು ಅಂಗಿಯೊಳಗೆ ದಿಂಬು ತೂರಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಮೆಟ್ಟಿಲು ಇಳಿದು ಬಂದರು. ಹಿಂದಿನ ಸೀಟಿನಲ್ಲಿ ಒರಗಿದ್ದೇ ನರಳಲು ಶುರುಮಾಡಿದರು.

"ಮೇಷ್ಟ್ರೇ, ಇನ್ನೂ ಆಯಿಲ್ ಹತ್ತಿಲ್ಲ, ಸ್ವಲ್ಪ ಮೆಲ್ಲಗೆ ನರಳಿ."

"ನೋವಿಗೆ ಮೆಲ್ಲಗೆ ಅಂತ ಇರುತ್ತೇನ್ರೀ? ಅಯ್ಯಯ್ಯೋ! ಅಮ್ಮಾ!"

ಆಸ್ಪತ್ರೆಗೆ ಹೋಗಬೇಕಾದರೆ ಒಂದು ಮೇಲ್ಸೇತುವೆ ಹತ್ತಬೇಕು. ಏರು ಶುರುವಾದ ಕೂಡಲೇ ಕಾರು ಏದುಸಿರು ಬಿಟ್ಟಿತು. ಹಿಂದೆ ನೀಲಿ ಹೊಗೆ ದಟ್ಟವಾಗಿ ಎದ್ದು, ಹಿಂದಿನ ವಾಹನಗಳೆಲ್ಲ ಹಾರ್ನ್ ಹೊಡೆದವು. ನಡುಸೇತುವೆಯಲ್ಲಿ ಕನ್ನಡಕದವರ ಕಾಲು ಕ್ಲಚ್ಚಿನಿಂದ ಜಾರಿ ಕಾರು ನಿಂತೇಹೋಯಿತು. ಟ್ರಾಫಿಕ್ ಪೊಲೀಸು ಓಡಿ ಬಂದು ಹಿಂದಿನ ಗಾಜಿನೊಳಗೆ ಇಣುಕಿದ. ಬಿಳೀ ಮೀಸೆಯ ಮುದುಕರೊಬ್ಬರು ಉಬ್ಬಿದ ಹೊಟ್ಟೆ ಹಿಡಿದು ಒದ್ದಾಡುತ್ತಿದ್ದರು.

"ಏನಾಗಿದೆ ಇವರಿಗೆ?"

"ಏನಿಲ್ಲ ಸಾರ್," ಎಂದರು ಕನ್ನಡಕದವರು ಬೆವರು ಒರೆಸಿಕೊಳ್ಳುತ್ತಾ, "ಹೆರಿಗೆ."

ಪೊಲೀಸು ಇಬ್ಬರನ್ನೂ ಒಂದು ಸಲ ನೋಡಿದ. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡ. ಮೇಷ್ಟ್ರು ಪಾತ್ರ ಬಿಟ್ಟುಕೊಡದೆ "ಬೇಗ ಅಣ್ಣಾ, ದಾರಿ ಬಿಡಿಸಿ!" ಎಂದು ಕೂಗಿದರು. ಕೂಗಿದ ರಭಸಕ್ಕೆ ದಿಂಬು ಜಾರಿ ಕಾಲಬಳಿ ಬಿತ್ತು. ಇಬ್ಬರೂ ಠಾಣೆಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೂ ಕೂತು ಎದ್ದುಬಂದರು. ಅಲ್ಲಿಯೂ ಕನ್ನಡಕದವರ ಚಿಂತೆ ಒಂದೇ. ಕಾರು ತಾನಾಗಿ ಆಫ್ ಆಗಿತ್ತು, ಟರ್ಬೊ ತಣ್ಣಗಾಗಿರಲಿಲ್ಲ.

ಕಿವಿ ಡಾಕ್ಟರು ಮತ್ತೆ ಕಡ್ಡಿ ದೂರ ಹಿಡಿದರು, ಮತ್ತೆ ಸವರಿದರು, ಮತ್ತೆ ಒಂದು ಡಬ್ಬ ಆಯಿಲ್ ಹಾಕಿದರು. "ಜೀವ ಇದೆ. ಆದರೆ ಗ್ಯಾರಂಟಿ ಕೊಡಲಾರೆ. ಇವತ್ತೋ ನಾಳೆಯೋ ಅನ್ನೋ ಸ್ಥಿತಿ."

ಅಂದಿನಿಂದ ಅವರಿಗೆ ಭಯವೇ ಊಟ, ಭಯವೇ ನಿದ್ದೆ. ಅಂಗಡಿಯಲ್ಲಿ ಪ್ರೆಷರ್ ಕುಕ್ಕರ್ ಶಿಳ್ಳೆ ದೂರದಿಂದ ಕೇಳಿದರೂ ಎದ್ದು ನಿಲ್ಲುವರು. ಯಾರದೋ ದೂರದೃಷ್ಟಿಯ ಕನ್ನಡಕ ಇನ್ಯಾರದೋ ಮೂಗಿಗೆ ಏರಿಸಿ ಕಳಿಸುವರು. ಸೇತುವೆಯ ನಡುವೆ ಮಗಳು ನರಳುತ್ತಿರುವುದು, ಕಾರು ಅಲ್ಲಾಡದೆ ನಿಂತಿರುವುದು ಕಣ್ಣು ಮುಚ್ಚಿದರೆ ಸಾಕು ಬಂದು ನಿಲ್ಲುತ್ತಿತ್ತು.

ಒಂದು ಸಂಜೆ ಅವರು ಎಂದಿನಂತೆ ಮನೆಯ ಮುಂದೆ ಅಕ್ಷರ ಹೇಳಿಕೊಂಡು ಕೂತಿದ್ದಾಗ ಮಗಳು ನಿಧಾನವಾಗಿ ಬಂದು ಪಕ್ಕದ ಸೀಟಿನಲ್ಲಿ ಕೂತಳು.

"ಅಪ್ಪಾ, ನಂಗೆ ಭಯ ಆಗ್ತಿದೆ."

"ನಂಗೂ ಕಣಮ್ಮಾ," ಎಂದರು ಅವರು. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವಳು ಏನು ಎತ್ತ ಕೇಳಲಿಲ್ಲ. ಅಂಗಡಿಯ ಆ ಹಲಗೆಯ ಕೆಳಗೇ ಆಡಿ ಬೆಳೆದವಳು. ಶಾಲೆಗೆ ಹೋಗುವ ಮುಂಚೆಯೇ ಅವಳಿಗೆ ಆ ಅಕ್ಷರಗಳು ಬಾಯಿಪಾಠ. ಅಪ್ಪ ಯಾವ ಸಾಲಿನಲ್ಲಿದ್ದಾನೆಂದು ತುಟಿ ನೋಡಿಯೇ ತಿಳಿದುಕೊಂಡು "ಟ, ದ, ನ" ಎಂದು ಜೊತೆಗೂಡಿದಳು. ಕೊನೆಯ ಸಾಲಿನವರೆಗೂ ಇಬ್ಬರೂ ಹೇಳಿದರು. ಆಮೇಲೆ ಊಟಕ್ಕೆ ಎದ್ದು ಹೋದರು.

ಆ ದಿನ ಬಂದದ್ದು ಯಾರೂ ಕಾಯದಿದ್ದಾಗ, ಬೆಳಗಿನ ಹತ್ತರ ಬಿಸಿಲಿನಲ್ಲಿ. ಮಗಳು ಬಟ್ಟೆ ಒಣಹಾಕುತ್ತಿದ್ದವಳು ಗೋಡೆ ಹಿಡಿದು "ಅಮ್ಮಾ" ಎಂದಳು. ಆ ದನಿ ಕೇಳಿದ್ದೇ ಕನ್ನಡಕದವರು ಮೊದಲು ಮಾಡಿದ ಕೆಲಸ ಯಾರೂ ಊಹಿಸದಂಥದ್ದು. ಫೋನೆತ್ತಿ ಷಡ್ಡಕರಿಗೆ ಕರೆ ಮಾಡಿದರು. ಮಾನ, ಮೀಸೆ, ಬೆಳ್ಳಿ ಅಕ್ಷರ ಎಲ್ಲ ಮಣ್ಣುಪಾಲಾಗಲಿ.

"ನಿಮ್ಮ ಕಾರು ಕಳಿಸಿ, ಕೈ ಮುಗೀತೀನಿ. ನನ್ನದನ್ನ ನಂಬೋ ಹಾಗಿಲ್ಲ."

ಆ ಕಡೆಯಿಂದ ಷಡ್ಡಕರ ದನಿ ಬಂತು, ಯಾವತ್ತೂ ಇಲ್ಲದಷ್ಟು ಸಣ್ಣದಾಗಿ: "ಅದು... ಮೂರು ದಿನದಿಂದ ಸರ್ವಿಸಲ್ಲಿದೆ ಕಣ್ರೀ. ಒಳಗಿನ ಕಂಪ್ಯೂಟರು ಕೆಟ್ಟಿದೆಯಂತೆ. ಬಾಗಿಲೇ ತೆಗೀತಿಲ್ಲ. ಯಾರಿಗೂ ಹೇಳ್ಬೇಡಿ."

ಆಂಬುಲೆನ್ಸಿಗೆ ಕರೆದರೆ ಅದು ಊರ ಇನ್ನೊಂದು ತುದಿಯಲ್ಲಿತ್ತು. ಮಗಳು ಗೇಟು ದಾಟಿ ತಾನೇ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಹೆಂಡತಿ ಚೀಲ, ಬಟ್ಟೆ, ಟವೆಲ್ಲು ಎಲ್ಲ ತುಂಬಿಕೊಂಡು ಅವಳ ಪಕ್ಕದಲ್ಲಿ ಕೂತರು. ಕನ್ನಡಕದವರು ಸ್ಟಾರ್ಟ್ ಮಾಡಿದರು. ಮಾಡಿ, ಕೂತರು.

"ಹೊರಡ್ರೀ!" ಹೆಂಡತಿ ಕಿರುಚಿದರು.

"ಆಯಿಲ್ ಹತ್ತಬೇಕು ಕಣೇ! ಇವತ್ತು ಮಾತ್ರ ತಪ್ಪಬಾರದು. ರ... ಗ, ಸ..."

ಹೆಂಡತಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಮಗಳು ಹಲ್ಲು ಕಚ್ಚಿ ಮುಂದೆ ಬಗ್ಗಿ, ಅಪ್ಪನ ಕಾಲರ್ ಹಿಡಿದು, ಒಂದೇ ಉಸಿರಿನಲ್ಲಿ ಹಲಗೆಯ ಮೇಲಿಂದ ಕೆಳಗಿನವರೆಗೆ ಸಾಸಿವೆ ಅಕ್ಷರಗಳ ಸಮೇತ ಗುಂಡು ಹಾರಿಸಿದ ಹಾಗೆ ಹೇಳಿ ಮುಗಿಸಿದಳು. "ಕೊನೇ ಸಾಲೂ ಮುಗೀತು, ಹೊರಡಪ್ಪಾ!"

ಒಂದಕ್ಷರವೂ ತಪ್ಪಿರಲಿಲ್ಲ. ಆಕ್ಷೇಪಿಸಲು ಏನೂ ಉಳಿಯದೆ ಅವರು ಹೊರಟರು.

ದೊಡ್ಡ ರಸ್ತೆಗೆ ಬಂದದ್ದೇ ಶಿಳ್ಳೆ ಶುರುವಾಯಿತು. ಜೀವ ಇದೆ, ಇನ್ನೂ ಜೀವ ಇದೆ ಎಂದು ಕನ್ನಡಕದವರು ಅದನ್ನೇ ಕೇಳುತ್ತಾ ಸ್ಟೀರಿಂಗ್ ಅಪ್ಪಿಕೊಂಡು ಓಡಿಸಿದರು. ಸೇತುವೆಯ ಏರು ಬಂತು. ಹಿಂದೆ ನೀಲಿ ಹೊಗೆ ಎದ್ದಿತು. ಹಾರ್ನುಗಳು ಮೊಳಗಿದವು. ಅದೇ ಪೊಲೀಸು ಅದೇ ಜಾಗದಲ್ಲಿ ನಿಂತಿದ್ದ. ಕಾರನ್ನು ಗುರುತು ಹಿಡಿದು ಕೈ ಅಡ್ಡ ಹಾಕಲು ಬಂದವನು ಈ ಸಲ ಒಳಗಿನ ಕೂಗು ಕೇಳಿ, ಅದು ಮೇಷ್ಟ್ರ ನರಳಾಟವಲ್ಲವೆಂದು ತಿಳಿದು, ಸೀಟಿ ಊದುತ್ತಾ ಮುಂದೆ ಓಡಿ ದಾರಿ ಬಿಡಿಸಿದ.

ಸೇತುವೆ ಇಳಿದು ಕಾರು ಓಟ ಹಿಡಿದಾಗ ಹಿಂದಿನ ಸೀಟಿನಲ್ಲಿ ಮಗಳು ಅಂದಳು: "ಅಮ್ಮಾ, ಇಲ್ಲಿ ಕಿವಿಗೆ ಸುಂಯ್ ಅಂತ ಗಾಳಿ ಹೊಡೀತಿದೆ." ಹೆಂಡತಿ ಟವೆಲ್ಲಿನ ತುದಿಯನ್ನು ಕಿಟಕಿಯ ಸಂದಿಗೆ ತುರುಕಿದರು.

ಶಿಳ್ಳೆ ನಿಂತಿತು.

ಕನ್ನಡಕದವರಿಗೆ ಹಿಂದಿನ ಮಾತು ಕೇಳಿಸಿರಲಿಲ್ಲ. ಕೇಳಿಸಿದ್ದು ಆ ನಿಶ್ಶಬ್ದ ಮಾತ್ರ. ಮುಗೀತು. ಅದರ ಕಥೆ ಮುಗೀತು. ಆದರೂ ಕಾರು ಅದು ಹೇಗೋ ಓಡುತ್ತಲೇ ಇತ್ತು. ಯಾವ ಪುಣ್ಯದಿಂದ ಓಡುತ್ತಿದೆಯೋ, ಬ್ರೇಕಿನ ಮೇಲೆ ಕಾಲಿಟ್ಟರೆ ಆ ಪುಣ್ಯವೂ ತೀರಿ ನಿಂತುಬಿಟ್ಟೀತು ಎಂದು ಹೆದರಿ, ಬಾಯಲ್ಲಿ "ಒಂಚೂರು, ಇನ್ನೊಂಚೂರು" ಎಂದು ಬೇಡಿಕೊಳ್ಳುತ್ತಾ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದರು.

ಗಾಲಿಕುರ್ಚಿ ಬಂತು. ನರ್ಸು ಬಂದಳು. ಕಾವಲುಗಾರ ಓಡಿಬಂದು ಬಾನೆಟ್ ಬಡಿದ.

"ಇಲ್ಲಿ ನಿಲ್ಲಿಸೋ ಹಾಗಿಲ್ಲ! ಆಫ್ ಮಾಡಿ ಇಳೀರಿ, ಇಲ್ಲಾಂದ್ರೆ ತೆಗೀರಿ!"

"ತಣ್ಣಗಾಗಬೇಕಪ್ಪಾ..." ಎನ್ನುತ್ತಾ ಅವರ ತುಟಿ ತಾನಾಗಿ "ರ... ಗ, ಸ" ಎಂದು ಶುರುಮಾಡಿತ್ತು. ಅಷ್ಟರಲ್ಲಿ ಗಾಲಿಕುರ್ಚಿಯಲ್ಲಿ ಕೂತ ಮಗಳು ತಿರುಗಿ ನೋಡಿದಳು. ಮುಖವೆಲ್ಲ ಬೆವರು. ಸಣ್ಣವಳಿದ್ದಾಗ ಅಂಗಡಿಯ ಕತ್ತಲೆ ಕೋಣೆಗೆ ಒಬ್ಬಳೇ ಹೋಗೆಂದರೆ ನೋಡುತ್ತಿದ್ದಳಲ್ಲ, ಅದೇ ನೋಟ.

"ಅಪ್ಪಾ, ನೀನೂ ಬಾ."

ಕನ್ನಡಕದವರು ಎರಡನೆಯ ಸಾಲಿನಲ್ಲೇ ಕೀಲಿ ತಿರುಗಿಸಿ ಎಂಜಿನ್ ಆರಿಸಿದರು. ಸತ್ತರೆ ಸಾಯಲಿ ಎಂದು ಬಾಗಿಲು ಕೂಡ ಹಾಕದೆ ಓಡಿದರು. ಬೀಗ ಜಗ್ಗಿ ನೋಡುವ ಮನುಷ್ಯ ಅಂದು ಕೀಲಿಯನ್ನು ಕಾರಿನಲ್ಲೇ ಬಿಟ್ಟು ಹೋಗಿದ್ದರು.

ಹೆಣ್ಣುಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಕನ್ನಡಕದವರು ಮೊಮ್ಮಗಳನ್ನು ನೋಡಿ ಗಳಗಳ ಅತ್ತರು. ಹೊತ್ತು ಇಳಿದ ಮೇಲೆ ಒಂದು ಸಾವು ನೋಡುವುದು ಬಾಕಿಯಿದೆ ಎಂದು ನೆನಪಾಗಿ, ಕಿವಿ ಡಾಕ್ಟರಿಗೆ ಹೇಳಿಕಳಿಸಿ, ಆಸ್ಪತ್ರೆಯ ಅಂಗಳಕ್ಕೆ ಬಂದರು. ಮಗು ನೋಡಲು ಬಂದಿದ್ದ ಷಡ್ಡಕರೂ ಹೆಡ್‌ಮೇಷ್ಟ್ರೂ ಕಾರಿನ ಸುತ್ತ ನಿಂತಿದ್ದರು.

ಕಿವಿ ಡಾಕ್ಟರು ಒಂದು ಸುತ್ತು ಓಡಿಸಿ ಬಂದರು. ಶಿಳ್ಳೆಯಿಲ್ಲ. ಟೋಪಿ ತೆಗೆದು ಎದೆಗೆ ಹಿಡಿದರು. "ಹೋಗಿದೆ ಸಾರ್. ಸುಖವಾಗಿ ಹೋಗಿದೆ." ಬಾನೆಟ್ ಎತ್ತಿ ಕಡ್ಡಿ ಎಳೆದು, ಮಾರುದ್ದ ದೂರ ಹಿಡಿದು, ತಲೆ ಹಿಂದಕ್ಕೆ ವಾಲಿಸಿದರು.

ಆಗ ಕನ್ನಡಕದವರಿಗೆ ಆ ಕೈ ಕಂಡಿತು. ಭಯ ಕಳೆದುಹೋದ ಕಣ್ಣಿಗೆ ಮೊದಲ ಸಲ ಕಂಡಿತು. ಹೀಗೆ ಪತ್ರಿಕೆಯನ್ನು ಮಾರುದ್ದ ಹಿಡಿದು ಅಂಗಡಿಗೆ ಬಂದ ಎಷ್ಟು ಜನರಿಗೆ ಅವರು ಕನ್ನಡಕ ಕೊಟ್ಟಿಲ್ಲ! ಮಾತಾಡದೆ ಜೇಬಿನಿಂದ ಒಂದು ಓದುವ ಕನ್ನಡಕ ತೆಗೆದು ಕಿವಿ ಡಾಕ್ಟರ ಮೂಗಿನ ಮೇಲೆ ಕೂರಿಸಿದರು.

ಕಿವಿ ಡಾಕ್ಟರು ಕಡ್ಡಿ ನೋಡಿದರು. "ಯಾರ್ರೀ ಇಷ್ಟೊಂದು ಆಯಿಲ್ ಹಾಕಿದ್ದು? ಕುತ್ತಿಗೆವರೆಗೂ ಇದೆ! ಹೊಗೆ ಬರದೆ ಇನ್ನೇನು ಬರುತ್ತೆ?" ಹಾಕಿದವರು ಯಾರೆಂದು ನೆನಪಾಗಿ ಕೆಮ್ಮಿದರು. ಬಗ್ಗಿ ಎಂಜಿನ್ನಿನ ಹಿಂದೆ, ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಕೈ ಹಾಕಿ ಮುಟ್ಟಿದರು.

"ಸಾರ್, ಟರ್ಬೊ ಇಲ್ಲ."

"ಗೊತ್ತು, ಹೋಗಿದೆ ಅಂದ್ರಲ್ಲ."

"ಹಂಗಲ್ಲ. ಇಲ್ವೇ ಇಲ್ಲ. ಯಾವ ಕಾಲದಲ್ಲೋ ಕಿತ್ತು ಮಾರ್ಕೊಂಡಿದಾರೆ. ಆ ಜಾಗಕ್ಕೆ ತಗಡು ಹೊಡೆದಿದಾರೆ, ಬೋಲ್ಟೂ ತುಕ್ಕು ಹಿಡಿದಿವೆ."

"ಹಾಗಾದ್ರೆ ಶಿಳ್ಳೆ?"

ಹೆಡ್‌ಮೇಷ್ಟ್ರು ಹಿಂದಿನ ಕಿಟಕಿಯಿಂದ ಟವೆಲ್ಲು ಎಳೆದರು. ಅದರ ಜೊತೆಗೆ ಹರಿದ ರಬ್ಬರ್ ಪಟ್ಟಿ ಒಂದು ಮೊಳ ಹೊರಗೆ ಬಂತು.

ಷಡ್ಡಕರು ಹೊಟ್ಟೆ ಹಿಡಿದು ನಗಲು ಬಾಯಿ ತೆರೆದರು. ಕನ್ನಡಕದವರು ಮೆಲ್ಲಗೆ "ನಿಮ್ಮ ಕಾರಿನ ಬಾಗಿಲು ತೆಗೀತೇನ್ರೀ?" ಎಂದರು. ಷಡ್ಡಕರು ಬಾಯಿ ಮುಚ್ಚಿಕೊಂಡು ನೆಲ ನೋಡಿದರು. ಕಿವಿ ಡಾಕ್ಟರು ಮಾತ್ರ ಸೋಲಲಿಲ್ಲ. "ನಾನು ಹೇಳಿದ ಹಾಗೆ ನಡ್ಕೊಂಡಿದ್ದಕ್ಕೇ ಸಾರ್," ಎಂದರು ಕನ್ನಡಕ ಸರಿಮಾಡಿಕೊಳ್ಳುತ್ತಾ, "ಇಲ್ಲದ ಟರ್ಬೊನೂ ಇಷ್ಟು ದಿನ ಬಂತು." ಕನ್ನಡಕ ವಾಪಸು ಕೊಡಲಿಲ್ಲ.

ತಾಯಿ ಮಗುವನ್ನು ಮನೆಗೆ ತಂದದ್ದೂ ಅದೇ ಕಾರಿನಲ್ಲಿ. ಹೆಚ್ಚಿನ ಆಯಿಲ್ ಇಳಿಸಿದ್ದ ಕಾರು ಒಂದು ಎಳೆ ಹೊಗೆಯಿಲ್ಲದೆ ಸೇತುವೆಯನ್ನು ಆಮೆಯ ಹಾಗೆ ಹತ್ತಿ ಇಳಿಯಿತು. ಮನೆಯ ಮುಂದೆ ಬೀದಿಯೆಲ್ಲ ನೆರೆದಿತ್ತು. ಕನ್ನಡಕದವರು ಕಾರು ನಿಲ್ಲಿಸಿ, ಇಳಿಯದೆ, ಎಂಜಿನ್ ಆರಿಸದೆ, ನೆಟ್ಟಗೆ ಕೂತರು.

"ಇಲ್ಲದ ಟರ್ಬೊ ತಣ್ಣಗಾಗೋವರೆಗೆ ನಾವು ಹೀಗೇ ಕೂತಿರಬೇಕೇನ್ರೀ?" ಎಂದು ಹೆಂಡತಿ ಕೇಳಿದರು.

ನಾಚಿಕೊಂಡು ಕೀಲಿ ತಿರುಗಿಸಿದರು. ಎಂಜಿನ್ ನಿಂತಿತು. ಅದುವರೆಗೂ ಅಮ್ಮನ ತೋಳಲ್ಲಿ ಹಾಯಾಗಿ ಮಲಗಿದ್ದ ಮಗು ಬೀದಿ ಹಾರಿಹೋಗುವಂತೆ ಕಿರುಚಿಕೊಂಡಿತು. ಅಜ್ಜಿ ತಟ್ಟಿದರು, ಅಮ್ಮ ತೂಗಿದಳು, ಊಹೂಂ. ಕನ್ನಡಕದವರು ಹೆದರಿ ಮತ್ತೆ ಕೀಲಿ ತಿರುಗಿಸಿದರು. ಎಂಜಿನ್ ಗುರುಗುಟ್ಟಿತು. ಮಗು ಒಮ್ಮೆ ಬಿಕ್ಕಿ, ಕಣ್ಣು ಮುಚ್ಚಿಕೊಂಡಿತು.

ಇಳಿಯಲು ಒಂದು ಕಾಲು ಹೊರಗಿಟ್ಟಿದ್ದ ಹೆಂಡತಿ ಕಾಲನ್ನು ಒಳಗೆಳೆದುಕೊಂಡು, ಸದ್ದಾಗದಂತೆ ಬಾಗಿಲು ಹಾಕಿಕೊಂಡರು.

ಹೆಡ್‌ಮೇಷ್ಟ್ರು ಗೇಟಿನಿಂದ ಕೂಗಿದರು: "ಇನ್ನೇನ್ರೀ ಕಾಯ್ತಿದೀರಿ? ಟರ್ಬೊನೇ ಇಲ್ವಲ್ಲ!"

ಕನ್ನಡಕದವರು ಗಾಜು ಒಂದು ಬೆರಳಷ್ಟು ಇಳಿಸಿದರು.

"ಶ್! ಮೆಲ್ಲಗೆ ಮಾತಾಡಿ ಮೇಷ್ಟ್ರೇ. ಇನ್ನೂ ಎರಡನೇ ಸಾಲಲ್ಲಿದೀವಿ."